ನಾನು ಓದದ ಷರಾ

ಬಿಸಾಡುವುದರಲ್ಲಿ ನನಗೆ ಚಿಕ್ಕಂದಿನಿಂದಲೂ ಒಂದು ಹೆಮ್ಮೆ. ಮುಚ್ಚಳ ಕಳೆದ ಡಬ್ಬ, ಕಡ್ಡಿ ಮುರಿದ ಛತ್ರಿ, ಹೋದ ವರ್ಷದ ಕ್ಯಾಲೆಂಡರು, ಒಂದನ್ನೂ ಉಳಿಸಿಕೊಂಡವಳಲ್ಲ. ಮುಳಬಾಗಿಲಿನ ಮನೆಯಲ್ಲಿ ನಮ್ಮಮ್ಮ ಹರಿದ ಸೀರೆಗಳನ್ನೂ ಮಡಿಸಿ ಟ್ರಂಕಿನಲ್ಲಿಡುತ್ತಿದ್ದರು; ನಾನು ಅವರ ಕಣ್ಣು ತಪ್ಪಿಸಿ ಎತ್ತಿ ಆಚೆ ಹಾಕುತ್ತಿದ್ದೆ. “ನಿನ್ನ ಕೈಗೆ ಸಿಕ್ಕಿದ್ದು ಯಾವುದು ತಾನೇ ಉಳಿದೀತು” ಎಂದು ಅವರು ಬೈದರೆ ನನಗದು ಬೈಗುಳದಂತೆ ಕೇಳಿಸುತ್ತಲೇ ಇರಲಿಲ್ಲ. ಈಗ ಐವತ್ತು ದಾಟಿದ ಮೇಲೆ, ಕೋಲಾರದ ಕಚೇರಿಯಲ್ಲಿ ಕೂತು ನಾನು ಅಳಿಸಿದ್ದನ್ನು ನೆನೆದಾಗಲೆಲ್ಲ ಆ ಮಾತು ಅವರ ದನಿಯಲ್ಲೇ ಕಿವಿಗೆ ಬೀಳುತ್ತದೆ.

ನಮ್ಮದು ಬಾವಿಗಳ ನೀರನ್ನು ಅಳೆದು ದಾಖಲಿಸುವ ಸಣ್ಣ ಕಚೇರಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕಿನ ಆಯ್ದ ತೆರೆದ ಬಾವಿಗಳಿಗೆ ತಿಂಗಳಿಗೊಮ್ಮೆ ಹೋಗಿ, ಟೇಪು ಇಳಿಬಿಟ್ಟು, ನೀರು ಎಷ್ಟು ಆಳದಲ್ಲಿದೆ ಎಂದು ನೋಡಿ, ಅಲ್ಲೇ ನಿಂತು ಫೋನಿನಲ್ಲಿ ತುಂಬಬೇಕು. ಆ ಸಂಖ್ಯೆ ಕಚೇರಿಯ ಕಂಪ್ಯೂಟರಿಗೆ ಬರುತ್ತದೆ. ಅಲ್ಲಿಂದ ಮುಂದೆ ನಾನು ಬರೆದ ಪ್ರೋಗ್ರಾಮುಗಳ ಸರದಿ. ಮೊದಲ ಹಂತದಲ್ಲಿ ಫೋನಿನಿಂದ ಬಂದದ್ದು ಬಂದ ಹಾಗೇ ಇರುತ್ತದೆ. ಅದಕ್ಕೆ ನಾವು ಮೂಲ ಎನ್ನುತ್ತೇವೆ. ಎರಡನೇ ಹಂತದಲ್ಲಿ ಅದು ತಿಂಗಳಿಗೊಂದು ಪಟ್ಟಿಯಾಗುತ್ತದೆ. ಪಟ್ಟಿಯಲ್ಲಿ ಯಾವುದಾದರೂ ಬಾವಿಯ ಚೌಕ ಖಾಲಿ ಉಳಿದಿದ್ದರೆ, ಆ ತಿಂಗಳು ಅಲ್ಲಿಗೆ ಯಾರೂ ಹೋಗಲಾಗಿಲ್ಲ ಎಂದುಕೊಂಡು ಮೂರನೇ ಹಂತದ ಪ್ರೋಗ್ರಾಮು ಸುತ್ತಮುತ್ತಲ ಬಾವಿಗಳ ಸರಾಸರಿಯನ್ನು ಅದಕ್ಕೆ ತುಂಬುತ್ತದೆ. ಕೊನೆಗೆ ಉಪಗ್ರಹದ ಚಿತ್ರಗಳನ್ನು ಸೇರಿಸಿ ನಕ್ಷೆ ಮಾಡುತ್ತೇವೆ.

ಇದೆಲ್ಲ ಸುಮ್ಮನೆ ಗೋಡೆಗೆ ಅಂಟಿಸುವುದಕ್ಕಲ್ಲ. ಸತತ ಮೂರು ಬೇಸಿಗೆ ಬತ್ತಿದ ಬಾವಿಗಳ ಹೆಸರನ್ನು ನಾವು ಬರೆದು ಕೊಟ್ಟರೆ, ಅವುಗಳ ಹೂಳು ತೆಗೆಸಿ, ಪಕ್ಕದಲ್ಲಿ ಮಳೆನೀರು ಇಂಗುವ ಗುಂಡಿ ಮಾಡಿಸುವ ಯೋಜನೆಯೊಂದಿದೆ. ನಮ್ಮ ಪಟ್ಟಿಯಲ್ಲಿ ಇಲ್ಲದ ಬಾವಿಯ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಬಾವಿ ಸುತ್ತುವ ಕೆಲಸವನ್ನೆಲ್ಲ ಒಬ್ಬರೇ ಮಾಡುತ್ತಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು, ಯಲ್ದೂರಿನ ಕಡೆಯವರು. ಅವರ ತಾತ, ಅಪ್ಪ ಎಲ್ಲ ಊರ ಕೆರೆಯ ನೀರುಗಂಟಿಗಳು; ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿಂತು ನೋಡಿ ಬಿಡುತ್ತಿದ್ದವರು. ಇವರು ಹಳೆಯ ಮೊಪೆಡ್ ಹತ್ತಿ ನಮ್ಮ ಬಾವಿಗಳನ್ನು ಅಳೆಯಲು ಬಂದರು. ನಾನು ಅವರನ್ನು ಅಣ್ಣಾ ಎನ್ನುತ್ತಿದ್ದೆ, ಅವರು ನನ್ನನ್ನು ಅಮ್ಮಾ ಎನ್ನುತ್ತಿದ್ದರು. ನನ್ನ ಕಂಪ್ಯೂಟರಿಗೆ ಅವರಿಟ್ಟ ಹೆಸರು ‘ನಿಮ್ಮತ್ತೆ’. ಬೆಳಗ್ಗೆ ಅದು ಶುರುವಾಗಲು ತಡಮಾಡಿದರೆ, “ನಿಮ್ಮತ್ತೆ ಇನ್ನೂ ಎದ್ದಿಲ್ವಾ? ಕಾಫಿ ಕೊಟ್ಟು ನೋಡಿ” ಎನ್ನುತ್ತಿದ್ದರು.

ಅವರು ಸೇರಿದ ಮೊದಲ ಬೇಸಿಗೆಯಲ್ಲೇ ನಮ್ಮಿಬ್ಬರಿಗೂ ಜಟಾಪಟಿಯಾಯಿತು. ಏಪ್ರಿಲ್ ತಿಂಗಳ ಪಟ್ಟಿ ತೆಗೆದು ನೋಡಿದರೆ ಹನ್ನೊಂದು ಬಾವಿಗಳ ಚೌಕ ಖಾಲಿ. ದಿನಚರಿಯಲ್ಲಿ ಮಾತ್ರ ಎಲ್ಲ ಬಾವಿಗೂ ಹೋಗಿ ಬಂದೆ ಎಂದು ಬರೆದಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

“ಹೋಗಿಲ್ದೇ ಇದ್ರೆ ಹೋಗಿಲ್ಲ ಅಂತ ಹೇಳಿಬಿಡಿ ಅಣ್ಣಾ. ಬಿಸಿಲು ಎಷ್ಟಿದೆ ಅಂತ ನನಗೂ ಗೊತ್ತು. ಹೋಗದೇ ಹೋದೆ ಅಂತ ಮಾತ್ರ ಬರೀಬೇಡಿ” ಎಂದೆ. ಅಕ್ಕಪಕ್ಕದ ಮೇಜಿನವರಿಗೆ ಕೇಳುವಷ್ಟು ಜೋರಾಗಿಯೇ ಎಂದೆ. ಅವರ ಮುಖ ಸಣ್ಣದಾಯಿತು.

“ಹನ್ನೊಂದಕ್ಕೂ ಹೋಗಿದ್ದೆನಮ್ಮಾ. ಟೇಪು ಒಣಗಿದ್ದು ಒಣಗಿದಂಗೇ ಮೇಲಕ್ಕೆ ಬಂತು.”

“ಹಾಗಾದ್ರೆ ಫೋನಲ್ಲಿ ‘ಬತ್ತಿದೆ’ ಅಂತ ಬಟನ್ ಇದೆಯಲ್ಲ, ಅದನ್ನ ಒತ್ತಬೇಕು ತಾನೆ?”

“ಬಾವಿ ಬಾಯಲ್ಲಿ ನಿಂತ್ಕೊಂಡು ನೀರಿಲ್ಲ ಅಂತ ಅನ್ನಬಾರ್ದಮ್ಮಾ, ಬರೀಲೂಬಾರ್ದು. ನಮ್ಮೋರು ಯಾರೂ ಅನ್ನಲ್ಲ. ಗಂಗಮ್ಮ ಕೇಳಿಸ್ಕೊಂಡ್ರೆ ಮತ್ತೆ ಬರೋದೇ ಇಲ್ಲ. ಇಲ್ಲಿ ಕೂತು ಬರ್ಕೊಡ್ತೀನಿ. ಕೋಲಾರದಾಗೆ ಬರೆದ್ರೆ ಅಲ್ಲಿಗೆ ಕೇಳ್ಸಲ್ಲ.”

ಇದನ್ನು ಕೇಳಿ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ನಮ್ಮ ಮನೆಯಲ್ಲೂ ಅಕ್ಕಿ ಮುಗಿದರೆ ‘ಇಲ್ಲ’ ಎನ್ನದೆ ‘ತರಬೇಕು’ ಎಂದೇ ಅನ್ನುತ್ತಿದ್ದುದು. ಹಾಗಾಗಿ ಪೂರ್ತಿ ತಳ್ಳಿಹಾಕಲೂ ಆಗಲಿಲ್ಲ. ಕೊನೆಗೆ ನಾನೇ ಒಂದು ದಾರಿ ಹೇಳಿಕೊಟ್ಟೆ. “ಮೂಲಕ್ಕೆ ಮಾತ್ರ ಕೈ ಹಚ್ಚಬೇಡಿ. ಅದು ಬಂದ ಹಾಗೇ ಇರಬೇಕು, ಏನೇ ಆಗಲಿ. ಎರಡನೇ ಹಂತದ ಪಟ್ಟಿ ತೆಗೆದುಕೊಡ್ತೀನಿ, ಅದರಲ್ಲಿ ಬರೀರಿ” ಎಂದೆ. ಅವರು ತಲೆಯಾಡಿಸಿದರು. ಹೋಗದೇ ಹೋದೆ ಎಂದಿರಿ ಅಂತ ಆಡಿದ ಮಾತಿಗೆ ನಾನು ಕ್ಷಮೆ ಕೇಳಲಿಲ್ಲ. ಕೇಳಬೇಕಿತ್ತು, ಅವರು ಬದುಕಿದ್ದಾಗಲೇ ಕೇಳಬೇಕಿತ್ತು.

ಅಂದಿನಿಂದ ನಾಲ್ಕು ವರ್ಷ, ಪ್ರತಿ ಶನಿವಾರ ಮಧ್ಯಾಹ್ನ ಅವರು ಬರುತ್ತಿದ್ದರು. ಕಿಟಕಿ ಪಕ್ಕದ ಎರಡನೇ ಕಂಪ್ಯೂಟರಿನ ಮುಂದೆ ಕೂತು, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ, ಬತ್ತಿದ ಬಾವಿಗಳ ಚೌಕದಲ್ಲಿ ‘ಬತ್ತಿದೆ’ ಎಂದು ತುಂಬುತ್ತಿದ್ದರು. ಮಳೆಗೋ ಜ್ವರಕ್ಕೋ ಹೋಗಲಾಗದಿದ್ದ ಬಾವಿಯನ್ನು ಖಾಲಿಯೇ ಬಿಡುತ್ತಿದ್ದರು. ಪ್ರೋಗ್ರಾಮು ತಿಂಗಳಿಗೊಮ್ಮೆ ಹೊಸ ತಿಂಗಳ ಪಟ್ಟಿಯನ್ನಷ್ಟೇ ಮಾಡುತ್ತಿದ್ದುದರಿಂದ ಹಳೆಯ ಪಟ್ಟಿಗಳಲ್ಲಿ ಅವರು ಬರೆದದ್ದು ಹಾಗೇ ಉಳಿಯುತ್ತಿತ್ತು. ಎಲ್ಲವೂ ಸುಸೂತ್ರವಾಗಿ ನಡೆಯಿತು. ಸುಸೂತ್ರವಾಗಿ ನಡೆದದ್ದರಿಂದಲೇ ನಾನು ಆ ಏರ್ಪಾಡನ್ನು ಮರೆತುಬಿಟ್ಟೆ.

ಪಟ್ಟಿಯ ಕೊನೆಯಲ್ಲಿ ಷರಾ ಎಂದು ಒಂದು ಅಂಕಣವಿತ್ತು. ಸರ್ಕಾರಿ ನಮೂನೆಗಳಲ್ಲಿ ಇರುತ್ತದಲ್ಲ, ಇರಲಿ ಎಂದು ನಾನೂ ಇಟ್ಟಿದ್ದೆ. ಯಾವ ಪ್ರೋಗ್ರಾಮೂ ಅದನ್ನು ಓದುವುದಿಲ್ಲ. ಅವರು ಅದನ್ನೂ ಬಿಡದೆ ತುಂಬುತ್ತಿದ್ದರು. ‘ಕಟ್ಟೆ ಹೊಸದಾಗಿ ಎತ್ತರಿಸಿದ್ದಾರೆ, ಎರಡು ಗೇಣು ಕಳೆಯಿರಿ.’ ‘ನಿನ್ನೆ ಪಕ್ಕದ ಮನೆಯಲ್ಲಿ ಮದುವೆ, ಬಹಳ ನೀರು ಸೇದಿದ್ದಾರೆ.’ ಕುರುಡುಮಲೆ ದಾರಿಯ ಒಂದು ಬಾವಿಯ ಮುಂದೆ, ‘ಕರು ಬಿದ್ದಿತ್ತು. ಎಲ್ಲರೂ ಸೇರಿ ಎತ್ತಿದೆವು. ಅಳೆಯಲಿಲ್ಲ.’ ಹೀಗೆ ಒಂದೆರಡು ಕಣ್ಣಿಗೆ ಬಿದ್ದಿದ್ದವು, ಅಷ್ಟೆ.

“ಏನಣ್ಣಾ, ಕಾದಂಬರಿ ಬರೀತಿದೀರಾ?” ಎಂದು ರೇಗಿಸುತ್ತಿದ್ದೆ.

“ಬರೆದಿಟ್ರೆ ಯಾರಾದ್ರೂ ಓದ್ತಾರೆ ಬಿಡೀಮ್ಮಾ” ಎನ್ನುತ್ತಿದ್ದರು.

ಅವರ ಮನೆಯ ಹಿತ್ತಲಿನ ಬಾವಿಯೂ ನಮ್ಮ ಪಟ್ಟಿಯಲ್ಲಿತ್ತು. ಅದೊಂದರ ಚೌಕ ಯಾವ ತಿಂಗಳೂ ಖಾಲಿ ಇರುತ್ತಿರಲಿಲ್ಲ. ಸುತ್ತಲ ಬಾವಿಗಳೆಲ್ಲ ಬತ್ತಿದ ಬೇಸಿಗೆಯಲ್ಲೂ ಅದರ ಗೆರೆ ನೆಟ್ಟಗೆ, ಅಲುಗಾಡದೆ ಹೋಗುತ್ತಿತ್ತು. ಒಂದು ಸಲ ಸಭೆಯಲ್ಲಿ ಆ ಗೆರೆಯನ್ನು ಎಲ್ಲರಿಗೂ ತೋರಿಸಿ, “ನೋಡಿ, ನೀರುಗಂಟಿ ಮನೆ ಬಾವಿ ಅಂದ್ರೆ ಹೀಗಿರಬೇಕು” ಎಂದು ಹೊಗಳಿದ್ದೆ. ಅವರು ತಲೆ ತಗ್ಗಿಸಿಕೊಂಡು, ಕಾಫಿ ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದರು. ನಾಚಿಕೆ ಎಂದುಕೊಂಡೆ.

ಅದಾದ ಕೆಲವು ವಾರಕ್ಕೆ, ಒಂದು ಶನಿವಾರ ಅವರ ಬೆನ್ನ ಹಿಂದೆ ನಿಂತು ಏನನ್ನೋ ಕೇಳುತ್ತಿದ್ದಾಗ, ಆ ಬಾವಿಯ ಸಾಲಿನ ಷರಾ ಕಣ್ಣಿಗೆ ಬಿತ್ತು. ಅಂಕಣ ಕಿರಿದು, ಬರೆದದ್ದು ಉದ್ದ. ‘ನೀರಿದೆ, ಆದರೆ’ ಎನ್ನುವಷ್ಟು ಮಾತ್ರ ಕಾಣುತ್ತಿತ್ತು. ಮಿಕ್ಕದ್ದು ಚೌಕದೊಳಗೆ ಮುಚ್ಚಿಹೋಗಿತ್ತು. ಅದರ ಮೇಲೆ ಒಂದು ಸಲ ಒತ್ತಿದ್ದರೆ ಪೂರ್ತಿ ಕಾಣುತ್ತಿತ್ತು. ಅವರು ಕತ್ತು ತಿರುಗಿಸಿ ನನ್ನ ಮುಖ ನೋಡಿದರು. ನನಗೆ ಬಸ್ಸಿಗೆ ಹೊತ್ತಾಗಿತ್ತು, ಹೊರಟುಬಿಟ್ಟೆ.

ಹೋದ ದಸರೆ ಕಳೆದ ಹದಿನೈದು ದಿನಕ್ಕೆ ಅವರು ತೀರಿಕೊಂಡರು. ಎದೆ ಹಿಡಿದುಕೊಂಡಿದೆ ಎಂದು ಶ್ರೀನಿವಾಸಪುರಕ್ಕೆ ಕರೆದೊಯ್ಯುವಷ್ಟರಲ್ಲಿ ಮುಗಿದಿತ್ತು. ಮಣ್ಣಿಗೆ ನಾವೆಲ್ಲ ಹೋಗಿ ಬಂದೆವು. ಕಿಟಕಿ ಪಕ್ಕದ ಕುರ್ಚಿಯ ಮೇಲೆ ಅವರು ಹಾಸಿಕೊಳ್ಳುತ್ತಿದ್ದ ಟವೆಲ್ ಬಹಳ ದಿನ ಹಾಗೇ ಇತ್ತು. ಅದನ್ನು ಎತ್ತಿ ಬಿಸಾಡಲು ನನಗೂ ಮನಸ್ಸಾಗಲಿಲ್ಲ.

ಫೆಬ್ರವರಿ ಕೊನೆಗೆ ಕಂಪ್ಯೂಟರು ಜಾಗವಿಲ್ಲ ಎಂದು ಹಟ ಹಿಡಿಯಿತು. ಮೂರು ಬೇಸಿಗೆಯ ಬಾವಿಗಳ ಪಟ್ಟಿಯನ್ನು ಯುಗಾದಿಯೊಳಗೆ ಕೊಡಬೇಕು. ಹೊಸ ಉಪಗ್ರಹ ಚಿತ್ರಗಳನ್ನು ಇಳಿಸಿಕೊಳ್ಳಲು ಡಿಸ್ಕಿನಲ್ಲಿ ಕೂದಲಷ್ಟೂ ಎಡೆಯಿಲ್ಲ. ಹೊಸ ಡಿಸ್ಕು ಬರುವುದು ತಿಂಗಳುಗಟ್ಟಲೆಯ ಮಾತು. ನಾನು ಸೆರಗು ಸಿಕ್ಕಿಸಿಕೊಂಡು ಕೂತೆ. ಮೂಲ ಇದೆ, ಪ್ರೋಗ್ರಾಮು ಇದೆ. ನಡುವೆ ಹುಟ್ಟಿದ್ದೆಲ್ಲ ಬೇಕಾದಾಗ ಮತ್ತೆ ಹುಟ್ಟುತ್ತದೆ, ಅದನ್ನು ಕೂಡಿಟ್ಟುಕೊಳ್ಳಬಾರದು. ಇದು ನಮ್ಮ ಕಸುಬಿನ ನಿಯಮ, ಸರಿಯಾದ ನಿಯಮವೇ. ಎರಡನೇ ಹಂತ, ಮೂರನೇ ಹಂತ ಎಂಬ ಎರಡು ದೊಡ್ಡ ಫೋಲ್ಡರುಗಳನ್ನು ಆರಿಸಿದೆ. ನಿಜವಾಗಿ ಅಳಿಸಬೇಕೇ ಎಂದು ಕಂಪ್ಯೂಟರು ಕೇಳಿತು. ಹೌದು ಎಂದೆ. ಊಟಕ್ಕೆ ಎದ್ದು ಹೋಗಿ ಬರುವಷ್ಟರಲ್ಲಿ ಅರ್ಧ ಡಿಸ್ಕು ಖಾಲಿಯಾಗಿತ್ತು. ಆ ದಿನ ಬಹಳ ಖುಷಿಯಾಗಿದ್ದೆ.

ಎರಡು ವಾರದ ನಂತರ ಎಲ್ಲವನ್ನೂ ಮೊದಲಿನಿಂದ ಓಡಿಸಿದೆ. ಒಂದು ತಪ್ಪೂ ತೋರಿಸದೆ ಪ್ರೋಗ್ರಾಮು ಓಡಿ ಮುಗಿಯಿತು. ಸತತ ಮೂರು ಬೇಸಿಗೆ ಬತ್ತಿದ ಬಾವಿಗಳ ಪಟ್ಟಿ ತೆರೆದು ನೋಡಿದರೆ ಒಂದು ಹೆಸರೂ ಇಲ್ಲ. ನಾಲ್ಕು ತಾಲ್ಲೂಕಿನಲ್ಲಿ ಎಲ್ಲ ಬಾವಿಯಲ್ಲೂ ನೀರು! ಪ್ರೋಗ್ರಾಮಿನಲ್ಲಿ ಎಲ್ಲೋ ಎಡವಿದ್ದೇನೆ ಎಂದು ಸಾಲು ಸಾಲಾಗಿ ಹುಡುಕಿದೆ. ಆಮೇಲೆ ಮಾಲೂರಿನ ಕಡೆಯ ಒಂದು ಬಾವಿಯ ಮೂಲ ತೆಗೆದೆ. ಮಾರ್ಚ್ ಖಾಲಿ, ಏಪ್ರಿಲ್ ಖಾಲಿ, ಮೇ ಖಾಲಿ. ಆ ಖಾಲಿ ಚೌಕಗಳಿಗೆಲ್ಲ ಪ್ರೋಗ್ರಾಮು ಅಕ್ಕಪಕ್ಕದ ಬಾವಿಗಳ ನೀರನ್ನು ತುಂಬಿಕೊಂಡು ಕೂತಿತ್ತು. ಕಿಟಕಿ ಪಕ್ಕದ ಕುರ್ಚಿಯ ಕಡೆ ನೋಡಿದೆ, ಆಗ ಎಲ್ಲ ನೆನಪಾಯಿತು.

ಬ್ಯಾಕಪ್ಪಿನಲ್ಲಿ ಹುಡುಕಿದೆ. ಮೂಲ ಮತ್ತು ಪ್ರೋಗ್ರಾಮು ಮಾತ್ರ ಅದಕ್ಕೆ ಸೇರಬೇಕು ಎಂದು ಕಟ್ಟುಮಾಡಿದವಳು ನಾನೇ. ಅಚ್ಚಾದ ವರದಿಗಳಲ್ಲಿ ಹೋಬಳಿಯ ಸರಾಸರಿ ಬಿಟ್ಟರೆ ಬೇರೇನಿಲ್ಲ. ಜಾಗ ತಿಂದದ್ದು ಮೂರನೇ ಹಂತದ ಫೋಲ್ಡರಿನಲ್ಲಿದ್ದ ಉಪಗ್ರಹದ ಚಿತ್ರಗಳ ತುಂಡುಗಳು. ಅವರ ನಾಲ್ಕು ವರ್ಷದ ಪಟ್ಟಿಗಳೆಲ್ಲ ಸೇರಿದರೂ ಒಂದೆರಡು ಮದುವೆ ಫೋಟೋದಷ್ಟು ಜಾಗ ಸಾಕಿತ್ತು. ಅದು ಗೊತ್ತಾದ ದಿನ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ನಮ್ಮ ಮೇಲಧಿಕಾರಿಯ ಮುಂದೆ ನಿಂತು, ನಾನೇ ಅಳಿಸಿದೆ ಎಂದು ಒಪ್ಪಿಕೊಂಡೆ. ಪಟ್ಟಿ ಕೊಡಲು ಒಂದು ತಿಂಗಳು ಹೆಚ್ಚು ಸಿಕ್ಕಿತು. ಖಾಲಿ ಚೌಕ ಇರುವ ಬಾವಿಯ ಊರಿಗೆ ಹೋಗಿ, ಅದು ಯಾವ ಬೇಸಿಗೆ ಬತ್ತಿತ್ತು ಎಂದು ಊರಿನ ಇಬ್ಬರು ಬರೆದು ರುಜು ಹಾಕಿದರೆ ಒಪ್ಪುತ್ತೇವೆ ಎಂದು ಯೋಜನೆಯವರು ಹೇಳಿದರು. ಬಸ್ಸು, ಆಟೋ, ಯಾರದೋ ಟ್ರ್ಯಾಕ್ಟರು, ಸಿಕ್ಕಿದ್ದರಲ್ಲಿ ತಿರುಗಿದೆ. ಮೊದಲ ಊರಿನಲ್ಲಿ ಬಾವಿಯ ಪಕ್ಕ ನಿಂತು ಕೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, “ಐತೆ ಬಿಡೀಮ್ಮಾ, ಯಾಕೆ ಆ ಮಾತು” ಎಂದರು. ನಾನು ಹಣೆ ಚಚ್ಚಿಕೊಂಡೆ. ಎರಡನೇ ಊರಿನಿಂದ ಎಲ್ಲರನ್ನೂ ಬಸ್ ನಿಲ್ದಾಣಕ್ಕೋ ಟೀ ಅಂಗಡಿಗೋ ಕರೆದುಕೊಂಡು ಹೋಗಿ ಕೇಳತೊಡಗಿದೆ. ಅಲ್ಲಿ ಧಾರಾಳವಾಗಿ ಹೇಳಿದರು. “ನನ್ ಮಗಳು ಬಾಣಂತಿ ಆಗಿದ್ದಾಗ ಒಂದು ಬಿಂದಿಗೆಗೂ ಗತಿ ಇರ್ಲಿಲ್ಲ” ಎಂದು ಮಾಲೂರಿನ ಕಡೆಯ ಒಬ್ಬಾಕೆ ಲೆಕ್ಕ ಹಾಕಿ ವರ್ಷ ಹೇಳಿದಳು. ಅಣ್ಣನ ಖಾಲಿ ಚೌಕಕ್ಕೂ ಊರವರ ಮಾತಿಗೂ ಎಲ್ಲೂ ವ್ಯತ್ಯಾಸ ಬರಲಿಲ್ಲ. ಅವರು ಹೋಗಿದ್ದರು, ಪ್ರತಿಯೊಂದಕ್ಕೂ ಹೋಗಿದ್ದರು.

ಎಲ್ಲ ಮುಗಿದ ಮೇಲೆ ಅಣ್ಣನ ಊರಿಗೆ ಹೋದೆ. ಅವರ ಬಾವಿಯ ಬಗ್ಗೆ ಕೇಳುವುದೇನೂ ಇರಲಿಲ್ಲ, ಮೂಲದಲ್ಲಿ ಅವರಿದ್ದಷ್ಟು ದಿನ ಎಲ್ಲ ತಿಂಗಳೂ ಸಂಖ್ಯೆಯಿತ್ತು. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ, ಆ ತಿಂಗಳ ಅಳತೆಯನ್ನು ನಾನೇ ತೆಗೆದುಕೊಳ್ಳಬೇಕಿತ್ತು. ಅವರ ಹೆಂಡತಿಯ ಮುಂದೆ ನನ್ನ ತಪ್ಪು ಹೇಳಿಕೊಳ್ಳಬೇಕಿತ್ತು. ಅದಕ್ಕೆ ಹೆದರಿಯೇ ಆ ಊರನ್ನು ಕೊನೆಗಿಟ್ಟಿದ್ದೆ. ಆಕೆ “ರಾ ಅಮ್ಮಾ, ರಾ” ಎಂದು ತೆಲುಗಿನಲ್ಲೇ ಕರೆದು ಚಾಪೆ ಹಾಸಿದರು, ಮಜ್ಜಿಗೆ ಕೊಟ್ಟರು. ಮಾತು ಹೇಗೆ ತೆಗೆಯುವುದು ತಿಳಿಯದೆ ಮೊದಲು ಅಳೆದುಬಿಡೋಣ ಎಂದು ಟೇಪು ಹಿಡಿದು ಹಿತ್ತಲಿಗೆ ಹೋದೆ.

“ಒಂದು ನಿಮಿಷ ತಾಳಿ” ಎಂದು ಅವರು ಒಳಗೆ ಹೋಗಿ ತುಂಬಿದ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಬಂದರು. ಬಾವಿಗೆ ಸುರಿಯಲು ಬಗ್ಗಿದರು.

“ಇದೇನಕ್ಕಾ ಮಾಡ್ತಿದೀರಿ?”

ಅವರು ಬಿಂದಿಗೆಯನ್ನು ಕಟ್ಟೆಯ ಮೇಲಿಟ್ಟು, ತುಟಿಯ ಮೇಲೆ ಬೆರಳಿಟ್ಟು, ನನ್ನ ಕೈ ಹಿಡಿದು ಮನೆ ದಾಟಿಸಿ, ಬೀದಿ ದಾಟಿಸಿ, ಎದುರಿನ ಮಾವಿನ ತೋಪಿನ ಬೇಲಿಯವರೆಗೂ ಕರೆದುಕೊಂಡು ಹೋದರು. ಅಲ್ಲಿ ನಿಂತು ಮೆಲ್ಲಗೆ ಹೇಳಿದರು.

“ಮೂರು ಬೇಸಿಗೆ ಆಯ್ತಮ್ಮಾ. ಅಳೆಯೋ ದಿನ ಎರಡು ಬಿಂದಿಗೆ ಹಾಕ್ತೀನಿ, ತಳದ ಗುಂಡೀಲಿ ಒಂದು ಗೇಣು ನಿಲ್ತದೆ. ಊರೋರ ಬಾವಿಯಾದ್ರೆ ಫೋನಲ್ಲಿ ಖಾಲಿ ಬಿಟ್ಟು ಬರೋರು. ಮನೆ ಬಾವಿಯಿಂದ ಒಣ ಹಗ್ಗ ಎಳೆಯೋಕೆ ಅವರ ಕೈ ಬರ್ಲಿಲ್ಲ. ‘ಇದು ಮೋಸ ಅಲ್ವಾ’ ಅಂತ ನಾನೇ ಕೇಳ್ದೆ. ‘ನೀರು ನಾವು ಹಾಕಿದ್ದು ಅಂತ ಕಚೇರೀಲಿ ಬರೆದಿದೀನಿ ಕಣೇ, ಅಮ್ಮ ನೋಡ್ತಾರೆ’ ಅಂದ್ರು.” ನನ್ನ ಕಡೆ ತಿರುಗಿ ಕೇಳಿದರು, “ನೋಡಿದ್ರಾಮ್ಮಾ?”

ಸುಳ್ಳು ಹೇಳಬಹುದಿತ್ತು.

“‘ನೀರಿದೆ, ಆದರೆ’ ಅನ್ನೋವರೆಗೂ ನೋಡಿದೆ ಅಕ್ಕಾ.”

“ಆಮೇಲೆ?”

“ಆಮೇಲಿಂದು ಓದಲಿಲ್ಲ. ಈಗ ಅಳಿಸಿಬಿಟ್ಟಿದ್ದೀನಿ. ಎಲ್ಲಾನೂ ಅಳಿಸಿಬಿಟ್ಟೆ.”

ಅವರು ಬೇಲಿಯ ಕಡ್ಡಿಯೊಂದನ್ನು ಮುರಿಯುತ್ತಾ ನಿಂತರು. “ಹಂಗಾದ್ರೆ ನಮ್ಮ ಬಾವಿ ಪಟ್ಟೀಲಿ ಬರಲ್ವಾ?”

“ಈ ವರ್ಷ ಬರಲ್ಲಕ್ಕಾ. ಅಣ್ಣ ಅಲ್ಲಿ ನಿಂತು ತುಂಬಿದ್ರಲ್ಲಿ ನೀರಿದೆ ಅಂತಿದೆ. ಇವತ್ತಿಂದ ಬರೆದ್ರೆ ಇನ್ನೂ ಎರಡು ಬೇಸಿಗೆ ಕಾಯಬೇಕು.”

ಮೂಲದಲ್ಲಿನ ಆ ಸಂಖ್ಯೆಗಳನ್ನು ನಾನು ಅಳಿಸಿದರೆ ಸಾಕಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಳಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಆದರೆ ಮೂಲಕ್ಕೆ ಕೈ ಹಚ್ಚಬೇಡಿ ಎಂದು ನಾನು ಹೇಳಿದ ಒಂದು ಮಾತನ್ನು ಅಣ್ಣ ನಾಲ್ಕು ವರ್ಷ ಮೀರಲಿಲ್ಲ. ಅವರು ಹೋದ ಮೇಲೆ ನಾನು ಅದನ್ನು ಮೀರಲಾರದೆ ಹೋದೆ.

“ಪೋನಿಲೇಮ್ಮಾ” ಎಂದರು ಆಕೆ. ಹೋಗಲಿ ಬಿಡು ಎನ್ನುವ ಆ ತೆಲುಗು ಮಾತನ್ನು ನಮ್ಮ ಸೀಮೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತೇವೆ. ಅಂದು ಅದನ್ನು ಕೇಳಿ ನನಗೆ ಅಳು ತಡೆಯಲಾಗಲಿಲ್ಲ. ಅವರೇ ಸೆರಗಿನಿಂದ ನನ್ನ ಮುಖ ಒರೆಸಿದರು. “ಅವರು ಬರೆದಿದ್ರಲ್ಲ, ಅಷ್ಟು ಸಾಕು ನಂಗೆ. ಬನ್ನಿ, ಇವತ್ತು ನೀರು ಹಾಕಲ್ಲ” ಎಂದರು.

ಹಿತ್ತಲಿಗೆ ಬಂದು ಬಿಂದಿಗೆಯ ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದು, ನನಗೆ ಬೆನ್ನು ಹಾಕಿ ನಿಂತರು. ನಾನು ಟೇಪು ಇಳಿಬಿಟ್ಟೆ. ತಳ ಮುಟ್ಟಿತು. ಮೇಲೆಳೆದಾಗ ತುದಿಗೆ ಒಣ ಮಣ್ಣಿತ್ತು. ಫೋನು ತೆಗೆದೆ. ಪರದೆಯ ಮೇಲೆ ‘ಬತ್ತಿದೆ’ ಎಂಬ ಬಟನ್, ನಾನೇ ಮಾಡಿದ್ದು. ಹೆಬ್ಬೆರಳು ಅಲ್ಲಿಯವರೆಗೆ ಹೋಗಿ ನಿಂತಿತು. ಚೌಕವನ್ನು ಖಾಲಿ ಬಿಟ್ಟು ಫೋನು ಚೀಲಕ್ಕೆ ಹಾಕಿಕೊಂಡೆ.

ಆ ಶನಿವಾರ ಮಧ್ಯಾಹ್ನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಎರಡನೇ ಹಂತದ ಪಟ್ಟಿ ತೆರೆದೆ. ಅವರ ಬಾವಿಯ ಚೌಕದಲ್ಲಿ ‘ಬತ್ತಿದೆ’ ಎಂದು ಬರೆದೆ. ಷರಾದಲ್ಲಿ, ಹಿಂದಿನ ಮೂರು ಬೇಸಿಗೆ ಆ ಬಾವಿಯಲ್ಲಿದ್ದ ನೀರು ಮನೆಯವರೇ ಹಾಕಿದ್ದು ಎಂದೂ, ಅದನ್ನು ಅಳೆದವರೇ ಇಲ್ಲಿ ಬರೆದಿಟ್ಟಿದ್ದರೆಂದೂ, ನಾನು ಓದದೆ ಅಳಿಸಿದೆನೆಂದೂ ಬರೆದು ನನ್ನ ಹೆಸರು ಹಾಕಿದೆ. ಆಮೇಲೆ ಆ ಅಂಕಣವನ್ನು ಎಳೆದು ಅಗಲ ಮಾಡಿ, ಕೊನೆಯ ಅಕ್ಷರದವರೆಗೂ ಕಾಣುತ್ತದೆಯೇ ಎಂದು ನೋಡಿಕೊಂಡೆ.